ಹಳೆಯ ಸೈನಿಕ ಬಂದೂಕುಗಳು: ಇತಿಹಾಸದ ಒಂದು ಆಕರ

ಶಿಲಾಶಾಸನ, ತಾಮ್ರಪಟಗಳನ್ನು ಅರಸಿ ಊರೂರು ಅಲೆದ ವಿದ್ವಾಂಸರು ನಮ್ಮಲ್ಲಿ ಅನೇಕರು. ನಾಣ್ಯ ಕೂಡಿಟ್ಟವರೂ ಇಲ್ಲದಿಲ್ಲ. ಆದರೆ ಹಳೆಯ ಸೈನಿಕ ಬಂದೂಕುಗಳನ್ನು ಇತಿಹಾಸದ ಆಕರವೆಂದು ಬಗೆದು ಸಂಗ್ರಹಿಸಿ ಪರಿಶೀಲಿಸಿದವರು ವಿರಳ.

ಇಂಗ್ಲೆಂಡಿನಲ್ಲಿ 1853ರಲ್ಲಿ ರೂಪುಗೊಂಡ ಎನ್‌ಫೀಲ್ಡ್ ರೈಫಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ನಳಿಗೆ 39 ಅಂಗುಲ ಉದ್ದ, ಒಳವ್ಯಾಸ 0.577 ಅಂಗುಲ. ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ಮೂರು ತೋಡುಗಳಿವೆ. ಗುಂಡು ಈ ತೋಡುಗಳ ಹಿಡಿತದಲ್ಲಿ ತಿರುಗುತ್ತ ಹೊರಡುವುದರಿಂದ ದೂರದ ಗುರಿಯನ್ನೂ ಮುಟ್ಟಬಲ್ಲುದು. ಇದರ ಕೊಬ್ಬು ಸವರಿದ ತೋಟಾಗಳಿಂದ ಹುಟ್ಟಿದ ಕಳವಳವು 1857ರ ದಂಗೆಯ ಕಾರಣಗಳಲ್ಲೊಂದೆಂದು ನಾವು ತರಗತಿಯಲ್ಲಿ ಹೇಳುತ್ತಲೇ ಬಂದಿದ್ದೇವೆ. ದಂಗೆಯ ತರುವಾಯ ನಡೆದುದನ್ನು ಮಾತ್ರ ಬಂದೂಕಿನಿಂದಲೇ ಕೇಳಬೇಕು.

ಹೊರನೋಟಕ್ಕೆ ಎನ್‌ಫೀಲ್ಡಿನಂತೆಯೇ ಇದ್ದು, ಒಳಗೆ ತೋಡುಗಳೇ ಇಲ್ಲದ ಬಂದೂಕುಗಳುಂಟು. ಇವುಗಳ ಒಳವ್ಯಾಸ 0.656 ಅಂಗುಲ. ದೂರಕ್ಕೆ ತಕ್ಕಂತೆ ಏರಿಸಿ ಇಳಿಸುವ ಗುರಿಪಟ್ಟಿಯೂ ಇಲ್ಲ. ಅದರ ಸ್ಥಾನದಲ್ಲಿ ಕದಲದ ಸಣ್ಣ ಗುರುತು. ಬಳಕೆಯಿಂದ ಸವೆದು ಹೀಗಾದುವಲ್ಲ, ಬೇಕೆಂದೇ ಹೀಗೆ ಮಾಡಿದವು. ಭಾರತೀಯ ಸಿಪಾಯಿಯ ಗುಂಡು ಬ್ರಿಟಿಷ್ ಸೈನಿಕನ ಗುಂಡಿನಷ್ಟು ದೂರ ಹೋಗಬಾರದೆಂಬುದು 1858ರ ಅನಂತರದ ನೀತಿ. ಮೊದಲು ನಳಿಗೆಯ ತೋಡುಗಳನ್ನೇ ಕೊರೆದು ತೆಗೆದರು. ನಳಿಗೆಯ ಗೋಡೆ ತೆಳುವಾಗಿ ಕೆಡತೊಡಗಿದಾಗ ದಪ್ಪ ಗೋಡೆಯ ಹೊಸ ನಳಿಗೆಗಳನ್ನು ಮಾಡಿಸಿದರು. ಮುಂದೆ ಬ್ರಿಟಿಷರ ಕೈಗೆ ಮಾರ್ಟಿನಿ ಹೆನ್ರಿ ಬಂದ ಮೇಲೆಯೇ ಭಾರತೀಯರಿಗೆ ಹಳೆಯ ಸ್ನೈಡರ್ ದೊರೆಯಿತು. ಆಳುವವರ ಅವಿಶ್ವಾಸವನ್ನು ಹೀಗೆ ಅಂಗುಲದ ಲೆಕ್ಕದಲ್ಲಿ ಅಳೆಯಬಹುದು.

ಈ ಅವಿಶ್ವಾಸ ದಂಡಿನ ಪಾಳೆಯಕ್ಕಷ್ಟೇ ಸೀಮಿತವಾಗಿರಲಿಲ್ಲ. 1857ರ ನಿಶ್ಶಸ್ತ್ರೀಕರಣದ ಕಾಯಿದೆಗೆ ಮಣಿಯದೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದೇ ವರ್ಷದ ನವೆಂಬರಿನಲ್ಲಿ ಸಿಡಿದೆದ್ದುದನ್ನು ನಮ್ಮ ಲಾವಣಿಕಾರರು ಮರೆತಿಲ್ಲ. ಕೊಡವರಿಗಾದರೋ 1861ರಲ್ಲಿ ಆ ನಿರ್ಬಂಧದಿಂದ ವಿನಾಯಿತಿ ದೊರೆಯಿತು. ಯಾರ ಕೈಯಲ್ಲಿ ಎಂಥ ಕೋವಿ ಇರಬೇಕೆಂಬುದು ರಾಜ್ಯನೀತಿಯ ಪ್ರಶ್ನೆಯೇ ಆಗಿತ್ತು.

ಬಂದೂಕಿನ ಪೂರ್ವೋತ್ತರ ತಿಳಿಯುವ ಕ್ರಮ ಕಷ್ಟದ್ದಲ್ಲ. ಕುದುರೆಯ ಬದಿಯಲ್ಲಿರುವ ಉಕ್ಕಿನ ತಗಡನ್ನು ಮೊದಲು ನೋಡಬೇಕು. ಅಲ್ಲಿ ಕಿರೀಟ, ಇಸವಿ, ‘ಟವರ್’ ಅಥವಾ ‘ಎನ್‌ಫೀಲ್ಡ್’ ಎಂಬ ಅಕ್ಷರಗಳು, ಇಲ್ಲವೆ ಈಸ್ಟ್ ಇಂಡಿಯಾ ಕಂಪನಿಯ ಸಿಂಹ ಇರಬಹುದು. ಮರದ ಹಿಡಿಯ ಮೇಲೆ ಒತ್ತಿದ ಮುದ್ರೆ, ದಳದ ಸಂಖ್ಯೆಗಳನ್ನು ಆಮೇಲೆ ಓದಬೇಕು. ಕಂಪನಿಯ ಆಳ್ವಿಕೆ 1858ರಲ್ಲಿ ಮುಗಿಯಿತಾದ್ದರಿಂದ ಸಿಂಹದ ಪಕ್ಕದಲ್ಲಿ ಬಹಳ ಈಚಿನ ಇಸವಿಯಿದ್ದರೆ ಸಂಶಯಪಡುವುದು ಯುಕ್ತ. ವಾಯವ್ಯ ಗಡಿಯ ಕಮ್ಮಾರರು ಇಂಥ ಗುರುತುಗಳನ್ನೂ ನಕಲು ಮಾಡುತ್ತಿದ್ದರು. ತಿರುಗುಮುರುಗಾದ ಅಕ್ಷರಗಳು ಎಷ್ಟೋ ವೇಳೆ ಅವರ ಗುಟ್ಟನ್ನು ಬಯಲು ಮಾಡುತ್ತವೆ.

ಅಧ್ಯಾಪಕ ಬಂಧುಗಳಲ್ಲಿ ಒಂದು ಬಿನ್ನಹ. ಹಳೆಯ ಮನೆಗಳ ಅಟ್ಟದಲ್ಲಿ ಇಂಥ ಬಂದೂಕು ಕಂಡರೆ ಉಜ್ಜಿ ಹೊಳಪು ಕೊಡಬೇಡಿ; ತುಕ್ಕಿನೊಡನೆ ಅಕ್ಷರವೂ ಅಳಿಯುತ್ತದೆ. ಒಳಗೆ ಮದ್ದು ಉಳಿದಿರಬಹುದಾದ್ದರಿಂದ ಮಕ್ಕಳ ಕೈಗೆ ಕೊಡಲೇಬಾರದು. ಇಟ್ಟುಕೊಳ್ಳಲು 1959ರ ಆಯುಧ ಕಾಯಿದೆ ಏನನ್ನು ವಿಧಿಸುತ್ತದೆಂಬುದನ್ನು ಅಧಿಕಾರಿಗಳಲ್ಲಿ ವಿಚಾರಿಸಿ. ಅಳತೆ, ಗುರುತುಗಳನ್ನು ಬರೆದಿಟ್ಟುಕೊಳ್ಳಿ. ಅದು ಆ ಮನೆಗೆ ಬಂದ ಬಗೆಯನ್ನು ಹಿರಿಯರಿಂದ ಕೇಳಿ ದಾಖಲಿಸಿ. ಗುಜರಿಗೆ ಹೋದ ಬಂದೂಕಿನೊಡನೆ ಊರಿನ ಚರಿತ್ರೆಯ ಒಂದು ಪುಟವೂ ಹೋಗುತ್ತದೆ.