ಎದುರುಬದುರು ಪುಟಗಳಲ್ಲಿ ರಾಘವಾಂಕ

ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸುವ ‘ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ’ ಭಾರತೀಯ ಭಾಷೆಗಳ ಅಭಿಜಾತ ಕೃತಿಗಳ ಗ್ರಂಥಮಾಲೆ. 2010ರಲ್ಲಿ ರೋಹನ್ ಮೂರ್ತಿಯವರು ನೀಡಿದ ದತ್ತಿಯಿಂದ ರೂಪುಗೊಂಡ ಈ ಮಾಲೆಯ ಮೊದಲ ಐದು ಸಂಪುಟಗಳು 2015ರ ಜನವರಿಯಲ್ಲಿ ಹೊರಬಂದವು. ಕೃಷ್ಣದೇವರಾಯನ ಆಸ್ಥಾನಕವಿ ಅಲ್ಲಸಾನಿ ಪೆದ್ದನನ ತೆಲುಗು ಕಾವ್ಯವೂ ಅವುಗಳಲ್ಲೊಂದು.

ಕನ್ನಡದ ಸರದಿ ಬಂದದ್ದು 2017ರಲ್ಲಿ. ಹದಿಮೂರನೆಯ ಶತಮಾನದ ಕವಿ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ವನಮಾಲಾ ವಿಶ್ವನಾಥ ಅವರು ಇಂಗ್ಲಿಷಿಗೆ ಅನುವಾದಿಸಿದರು. ಎಡಪುಟದಲ್ಲಿ ಕನ್ನಡ ಲಿಪಿಯಲ್ಲಿಯೇ ಮೂಲ ಷಟ್ಪದಿ, ಬಲಪುಟದಲ್ಲಿ ಅನುವಾದ. ಮಾಲೆಗೆಂದೇ ಕನ್ನಡದ ಹೊಸ ಅಚ್ಚಕ್ಷರಗಳನ್ನೂ ವಿನ್ಯಾಸಗೊಳಿಸಲಾಯಿತು.

ವಿದ್ವಾಂಸರಿಗಾಗಿ ಸಿದ್ಧವಾದ ಈ ವ್ಯವಸ್ಥೆ ಹೊರನಾಡ ಕನ್ನಡಿಗರಾದ ನಮಗೂ ಒದಗಿಬರುತ್ತದೆ. ನಮ್ಮ ಅನೇಕ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಆಡಬಲ್ಲರು, ಓದಲಾರರು. ಹಿರಿಯರು ಎಡಪುಟವನ್ನು ವಾಚಿಸಿದರೆ, ಮಕ್ಕಳು ಬಲಪುಟದಲ್ಲಿ ಅರ್ಥವನ್ನು ಹಿಂಬಾಲಿಸಬಹುದು. ಅನುವಾದವು ಮೂಲವನ್ನು ಮರೆಸದೆ, ಪಕ್ಕದಲ್ಲಿಯೇ ಇರಿಸಿಕೊಂಡಿರುವುದರಿಂದ, ಲಿಪಿ ಕಲಿಯುವ ಆಸೆಯೂ ಅಲ್ಲಿಂದಲೇ ಚಿಗುರೀತೆಂದು ನಾವು ಆಶಿಸುತ್ತೇವೆ.