ಯುಗೊಸ್ಲಾವಿಯಾದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಲೀಗ್
ಹಿಂದಿನ ಯುಗೊಸ್ಲಾವಿಯಾದಲ್ಲಿ ಬ್ಯಾಸ್ಕೆಟ್‌ಬಾಲ್ ಕ್ಲಬ್‌ಗಳಿಗಾಗಿ ನಡೆಯುತ್ತಿದ್ದ ಅತ್ಯುನ್ನತ ಪಂದ್ಯಾವಳಿ. 1945ರಲ್ಲಿ ಶುರುವಾಗಿ, 1992ರಲ್ಲಿ ದೇಶದೊಂದಿಗೇ ಮುಗಿಯಿತು. ನಡೆದ 48 ಆವೃತ್ತಿಗಳಲ್ಲಿ 11 ತಂಡಗಳು ಪ್ರಶಸ್ತಿ ಗೆದ್ದಿವೆ. ಈ ಕ್ಲಬ್‌ಗಳ ಊರುಗಳು ಇಂದು ಸೆರ್ಬಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ, ಬೋಸ್ನಿಯಾ ಎಂಬ ನಾಲ್ಕು ದೇಶಗಳಿಗೆ ಹಂಚಿಹೋಗಿವೆ.

ಎರಡನೆಯ ಮಹಾಯುದ್ಧ ಮುಗಿದ ವರ್ಷವೇ ಸುಬೊಟಿತ್ಸಾದಲ್ಲಿ ನಡೆದ ಮೊದಲ ಪಂದ್ಯಾವಳಿಯಲ್ಲಿ ಆಡಿದ್ದು ಕ್ಲಬ್‌ಗಳಲ್ಲ, ಗಣರಾಜ್ಯಗಳ ತಂಡಗಳು ಮತ್ತು ಸೇನೆಯ ತಂಡ. ಗೆದ್ದದ್ದು ಸೇನೆ. ಮರುವರ್ಷ ಕ್ಲಬ್‌ಗಳು ಕಣಕ್ಕಿಳಿದವು. ಅಲ್ಲಿಂದ 1955ರವರೆಗೆ ಸತತ ಹತ್ತು ಸಲ ಬೆಲ್‌ಗ್ರೇಡಿನ ತ್ಸರ್ವೆನಾ ಜ್ವೆಜ್ದಾ ತಂಡವೇ ಗೆದ್ದಿತು. ಹೆಸರಿನ ಅರ್ಥ ಕೆಂಪು ತಾರೆ. ಕಲೆಮೆಗ್ದಾನ್ ಕೋಟೆಯ ಬಳಿಯ ಬಯಲು ಅಂಕಣವೇ ಅದರ ತವರು. ಆ ತಂಡದಲ್ಲಿ ಆಡುತ್ತಲೇ ತರಬೇತಿಯನ್ನೂ ನೀಡುತ್ತಿದ್ದವರು ನೆಬೊಯ್‌ಶಾ ಪೊಪೊವಿಚ್. ಅವರ ಜೊತೆ ಆಡಿದ ಅಲೆಕ್ಸಾಂಡರ್ ನಿಕೊಲಿಚ್ ಮುಂದೆ 'ಪ್ರೊಫೆಸರ್' ಎಂದೇ ಹೆಸರಾದ ತರಬೇತುದಾರರಾದರು. ಇನ್ನೊಬ್ಬ ಜೊತೆಗಾರ ಬೊರಿಸ್ಲಾವ್ ಸ್ಟಾಂಕೊವಿಚ್ 1976ರಿಂದ 2002ರವರೆಗೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ಪ್ರಧಾನ ಕಾರ್ಯದರ್ಶಿಯಾಗಿದ್ದರು. ಒಂದು ಬಯಲು ಅಂಕಣದಿಂದ ಇಷ್ಟು ಫಸಲು ಬಂದದ್ದು ಅಪರೂಪ.

1956ರಲ್ಲಿ ಜ್ರೆನ್ಯಾನಿನ್ ಊರಿನ ಪ್ರೊಲೆಟರ್ ಈ ಸರಣಿಯನ್ನು ಮುರಿಯಿತು. ಆಮೇಲಿನ ವರ್ಷಗಳಲ್ಲಿ ಲ್ಯುಬ್ಲಿಯಾನಾದ ಒಲಿಂಪಿಯಾ, ಬೆಲ್‌ಗ್ರೇಡಿನ ಓಕೆಕೆ, ಕಡಲತೀರದ ಪುಟ್ಟ ಊರು ಜಾದರ್ ಪೈಪೋಟಿಗೆ ಬಿದ್ದವು. ಓಕೆಕೆಯ ರಾದಿವೊಯ್ ಕೊರಾಚ್ 1965ರಲ್ಲಿ ಯುರೋಪಿಯನ್ ಚಾಂಪಿಯನ್ಸ್ ಕಪ್‌ನ ಒಂದೇ ಪಂದ್ಯದಲ್ಲಿ ಸ್ವೀಡನ್ನಿನ ಆಲ್ವಿಕ್ ವಿರುದ್ಧ 99 ಅಂಕ ಗಳಿಸಿದರು. 1969ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಅವರ ಹೆಸರಿನಲ್ಲಿ ಯುರೋಪಿನ ಒಂದು ಕಪ್ 2002ರವರೆಗೂ ನಡೆಯಿತು.

ಕಾರ್ಖಾನೆಗಳ ನಂಟು ತಂಡಗಳ ಹೆಸರಿನಲ್ಲೇ ಕಾಣುತ್ತಿತ್ತು. ಸ್ಪ್ಲಿಟ್ ನಗರದ ಯುಗೊಪ್ಲಾಸ್ತಿಕಾ ಪ್ಲಾಸ್ಟಿಕ್ ಕಾರ್ಖಾನೆಯ ಹೆಸರು ಹೊತ್ತಿತ್ತು. ಜಾಗ್ರೆಬಿನ ತ್ಸಿಬೋನಾ ಎಂಬ ಹೆಸರು 'ಒಳ್ಳೆಯ ಊಟ' ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು. ಅದರ ಬೆನ್ನಿಗಿದ್ದವು ಆಹಾರ ಕಂಪನಿಗಳು.

1981–82ರಲ್ಲಿ ಪ್ಲೇಆಫ್ ಪದ್ಧತಿ ಬಂತು. ಅದರ ಎರಡನೆಯ ವರ್ಷವೇ ಲೀಗಿನ ಅತಿ ದೊಡ್ಡ ಜಗಳ ನಡೆಯಿತು. 1983ರ ಏಪ್ರಿಲ್ 9ರಂದು ಶಿಬೆನಿಕ್‌ನಲ್ಲಿ ನಿರ್ಣಾಯಕ ಫೈನಲ್. ಕೊನೆಯ ಕ್ಷಣದಲ್ಲಿ ಸರಾಯೆವೊದ ಬೋಸ್ನಾ 82–81ರಿಂದ ಮುಂದಿತ್ತು. ಆತಿಥೇಯ ಶಿಬೆಂಕಾದ ಹದಿನೆಂಟರ ಹುಡುಗ ದ್ರಾಜೆನ್ ಪೆತ್ರೊವಿಚ್ ಬುಟ್ಟಿಗೆ ಚೆಂಡೆಸೆದಾಗ ರೆಫರಿ ಫೌಲ್ ಕೊಟ್ಟರು. ಅಷ್ಟರಲ್ಲಿ ಸಮಯ ಮುಗಿದಿತ್ತೇ ಇಲ್ಲವೇ ಎಂಬುದೇ ತಕರಾರು. ಹುಡುಗ ಎರಡೂ ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕಿದ. ಅವನ ಅಂಕ 40, ತಂಡದ್ದು 83. ಊರೆಲ್ಲ ರಾತ್ರಿಯಿಡೀ ಕುಣಿಯಿತು. ಬೆಳಗಾದ ಮೇಲೆ ಒಕ್ಕೂಟ ಆ ಫಲಿತಾಂಶವನ್ನೇ ರದ್ದುಮಾಡಿ, ನೋವಿ ಸಾದ್‌ನಲ್ಲಿ ಮತ್ತೆ ಆಡಿರಿ ಎಂದಿತು. ಶಿಬೆಂಕಾ ಹೋಗಲಿಲ್ಲ, ಪ್ರಶಸ್ತಿ ಬೋಸ್ನಾ ಪಾಲಾಯಿತು. ದಾಖಲೆಯಲ್ಲಿರುವುದು ಬೋಸ್ನಾ ಹೆಸರು. ಶಿಬೆನಿಕ್‌ನವರನ್ನು ಕೇಳಿದರೆ ಉತ್ತರ ಬೇರೆ.

ಪೆತ್ರೊವಿಚ್ ಮುಂದೆ ತ್ಸಿಬೋನಾ ಸೇರಿದರು. 1985ರ ಅಕ್ಟೋಬರ್ 5ರಂದು ಒಲಿಂಪಿಯಾ ವಿರುದ್ಧ ಅವರು ಗಳಿಸಿದ 112 ಅಂಕಗಳು ಲೀಗಿನ ದಾಖಲೆ. ಆದರೆ ನೋಂದಣಿಯ ತೊಡಕಿನಿಂದ ಎದುರಾಳಿ ಅಂದು ಇಳಿಸಿದ್ದು ಕಿರಿಯರ ತಂಡವನ್ನು ಎಂಬುದನ್ನು ಜೊತೆಗೇ ಹೇಳಬೇಕು. 1985 ಮತ್ತು 1986ರಲ್ಲಿ ಯುರೋಪನ್ನೇ ಗೆದ್ದ ತ್ಸಿಬೋನಾ, 1986ರ ದೇಶೀಯ ಫೈನಲಿನಲ್ಲಿ ತನ್ನದೇ ಅಂಗಳದಲ್ಲಿ ಜಾದರ್‌ಗೆ ಸೋತಿತು: ಎರಡು ಹೆಚ್ಚುವರಿ ಅವಧಿಗಳ ಬಳಿಕ 111–110. ಈ ಲೀಗಿನ ಮಟ್ಟವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಂಕಿ ಸಿಗದು.

ಟೋನಿ ಕುಕೋಚ್, ದಿನೊ ರಾಜಾ ಆಡುತ್ತಿದ್ದ ಸ್ಪ್ಲಿಟ್ ತಂಡ 1988ರಿಂದ ನಾಲ್ಕು ಸಲ ಲೀಗನ್ನೂ, 1989ರಿಂದ ಮೂರು ಸಲ ಯುರೋಪಿಯನ್ ಕಪ್ಪನ್ನೂ ಗೆದ್ದಿತು. 1991ರಲ್ಲಿ ಯುದ್ಧ ಹತ್ತಿಕೊಂಡಿತು. ಕ್ರೊಯೇಷಿಯಾ, ಸ್ಲೊವೇನಿಯಾಗಳ ಕ್ಲಬ್‌ಗಳು ಹೊರನಡೆದವು. ಉಳಿದವರ ನಡುವೆ ನಡೆದ ಕೊನೆಯ ಋತುವನ್ನು ಬೆಲ್‌ಗ್ರೇಡಿನ ಪಾರ್ತಿಜಾನ್ ಗೆದ್ದಿತು. ಯುದ್ಧದ ದೆಸೆಯಿಂದ ಯುರೋಪಿಯನ್ ಕಪ್‌ನ ತವರು ಪಂದ್ಯಗಳನ್ನು ಸ್ಪೇನಿನ ಫುವೆನ್‌ಲಬ್ರಾದಾದಲ್ಲಿ ಆಡಬೇಕಾಗಿ ಬಂದರೂ, ಅದೇ ವಸಂತದಲ್ಲಿ ಇಸ್ತಾಂಬುಲ್‌ನಲ್ಲಿ ಆ ಕಪ್ಪೂ ಅದರ ಕೈ ಸೇರಿತು.

ಒಟ್ಟು ಪ್ರಶಸ್ತಿಗಳಲ್ಲಿ ಜ್ವೆಜ್ದಾ 12ರೊಂದಿಗೆ ಮುಂದಿದೆ. ಒಲಿಂಪಿಯಾ, ಜಾದರ್, ಸ್ಪ್ಲಿಟ್ ತಂಡಗಳಿಗೆ ತಲಾ ಆರು. ಒಡೆದ ದೇಶಗಳ ಕ್ಲಬ್‌ಗಳು ಮತ್ತೆ ಒಂದು ಲೀಗಿನಲ್ಲಿ ಎದುರಾದದ್ದು 2001ರಲ್ಲಿ, ಆಡ್ರಿಯಾಟಿಕ್ ಲೀಗ್ ಹುಟ್ಟಿದಾಗ. ಅದರ ಮೊದಲ ಚಾಂಪಿಯನ್ ಹಳೆಯ ಒಲಿಂಪಿಯಾ.