ಗಾಯಗಳಿಂದ ಮೂಡಿದ ನಕ್ಷೆ

ಕಣ್ಣಿಗೆ ಬಿದ್ದ ಬಿಂಬ ಮಿದುಳಿನ ಹಿಂಭಾಗದಲ್ಲಿ ಯಾವ ಕ್ರಮದಲ್ಲಿ ಹರಡಿಕೊಳ್ಳುತ್ತದೆ ಎಂಬುದನ್ನು ಮೊದಲು ಸರಿಯಾಗಿ ಗುರುತಿಸಿದವರು ಜಪಾನಿನ ತರುಣ ನೇತ್ರವೈದ್ಯ ತತ್ಸುಜಿ ಇನೋಯೆ. ಅದೂ ಪ್ರಯೋಗಾಲಯದಲ್ಲಲ್ಲ, 1904–05ರ ರಷ್ಯಾ-ಜಪಾನ್ ಯುದ್ಧದ ಗಾಯಾಳುಗಳಿಗೆ ಪಿಂಚಣಿ ನಿಗದಿ ಮಾಡಲೆಂದು ಅವರ ದೃಷ್ಟಿನಷ್ಟವನ್ನು ಅಳೆಯುವ ಕೆಲಸದಲ್ಲಿ. ರಷ್ಯನ್ ರೈಫಲ್ಲಿನ 7.62 ಮಿಲಿಮೀಟರ್ ಗುಂಡು ಸಣ್ಣದು, ವೇಗ ಹೆಚ್ಚು. ಎಷ್ಟೋ ಸಲ ತಲೆಬುರುಡೆಯನ್ನು ಚೂರು ಮಾಡದೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುತ್ತಿತ್ತು. ಇನೋಯೆ ತಾವೇ ರೂಪಿಸಿದ ಉಪಕರಣದಿಂದ ಆ ಎರಡು ರಂಧ್ರಗಳ ಸ್ಥಾನ ಅಳೆದು, ನಡುವೆ ಸರಳರೇಖೆ ಎಳೆದು, ಮಿದುಳಿನ ಯಾವ ಭಾಗ ಹಾಳಾಗಿದೆಯೆಂದು ಲೆಕ್ಕ ಹಾಕಿದರು. ಸೈನಿಕನಿಗೆ ನೋಟದ ಯಾವ ಭಾಗ ಕಾಣದು ಎಂಬುದರೊಡನೆ ಅದನ್ನು ಹೋಲಿಸಿದರು. 29 ಮಂದಿಯ ವಿವರ 1909ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ನೋಟದ ನಡುಭಾಗಕ್ಕೆ ಮಿದುಳಿನ ಹಿಂತುದಿಯಲ್ಲಿ ದೊಡ್ಡ ಜಾಗ, ಅಂಚಿಗೆ ಅದರ ಮುಂದೆ ಚಿಕ್ಕದು. ಅದಕ್ಕೂ ಮೊದಲು ಸ್ವೀಡನ್ನಿನ ವೈದ್ಯ ಹೆನ್ಷೆನ್ ಇದನ್ನು ಹಿಂದುಮುಂದಾಗಿ ಹೇಳಿದ್ದರು.

ಇದೆಲ್ಲ ಯುದ್ಧದ ಕೊಡುಗೆ ಎನ್ನಬಹುದು. ನಾನು ಒಪ್ಪಲಾರೆ. ಗುಂಡು ಕೊಟ್ಟಿದ್ದು ಗಾಯವನ್ನಷ್ಟೇ. ಒಬ್ಬೊಬ್ಬ ಸೈನಿಕನನ್ನೂ ಕೂರಿಸಿಕೊಂಡು, ಗುರುತು ಎಲ್ಲಿ ಮರೆಯಾಗುತ್ತದೆ, ಎಲ್ಲಿ ಮತ್ತೆ ಕಾಣುತ್ತದೆ ಎಂದು ಕೇಳಿದ ವೈದ್ಯನ ತಾಳ್ಮೆಯಿಂದ ನಕ್ಷೆ ಬಂತು. ಇನ್ನೊಂದು ಆಕ್ಷೇಪಣೆಗೆ ತೂಕವಿದೆ: ಜನ ಕಡಿಮೆ, ಗುಂಡು ನೇರವಾಗಿಯೇ ಸಾಗಿತೆಂಬುದು ಊಹೆ. ಆದರೆ ಮೊದಲ ಮಹಾಯುದ್ಧದ ಗಾಯಾಳುಗಳನ್ನು ಪರೀಕ್ಷಿಸಿದ ಬ್ರಿಟನ್ನಿನ ಗಾರ್ಡನ್ ಹೋಮ್ಸ್ ಮತ್ತು ವಿಲಿಯಂ ಲಿಸ್ಟರ್ 1916ರಲ್ಲಿ ಅದೇ ಕ್ರಮವನ್ನು ಕಂಡರು. 1991ರಲ್ಲಿ ಎಂಆರ್‌ಐ ಚಿತ್ರಗಳ ನೆರವಿನಿಂದ ಹೋಮ್ಸ್ ನಕ್ಷೆಯನ್ನು ತಿದ್ದಿದಾಗಲೂ ಕ್ರಮ ಬದಲಾಗಲಿಲ್ಲ. ನಡುನೋಟದ ಪಾಲು ಮಾತ್ರ ಇನ್ನಷ್ಟು ಹಿಗ್ಗಿತು.